ಒದ್ದೆ ಸೀರೆಗೆ ಎಷ್ಟು ಓಮ್?

ಅಪ್ಪಾ,

ಇವತ್ತೂ ಸ್ವಿಚ್ ಒತ್ತುವ ಮೊದಲು ಕೈಯನ್ನು ದುಪಟ್ಟಾಕ್ಕೆ ಒರೆಸಿ ಒರೆಸಿ ನೋಡಿಕೊಂಡೆ. ನಗಬೇಡ. ನಮ್ಮ ಮನೆಯ ಕರೆಂಟೆಂದರೆ ಈಗ ನನಗೆ ಜೀವಭಯ. ಯಾಕೆಂದು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇಲ್ಲಿ ವೇಲಚೇರಿಯಲ್ಲಿ ರೈಲು ಸ್ಟೇಷನ್ ಇನ್ನೂ ಕಟ್ಟುತ್ತಿದ್ದಾಗ, ಈ ಫ್ಲ್ಯಾಟಿನ ಹಾಲಿನಲ್ಲಿ ಇಸ್ತ್ರಿಪೆಟ್ಟಿಗೆಯ ಮುಂದೆ ನನ್ನನ್ನು ಕೂರಿಸಿದ್ದೆಯಲ್ಲ, ನೆನಪಿದೆಯಾ? ಮೀಟರ್ ಹಿಡಿದು, "ವೋಲ್ಟ್ ಇನ್ನೂರ ಮೂವತ್ತು, ಆಂಪಿಯರ್ ನಾಲ್ಕು. ಗುಣಿಸು, ಪವರ್ ಸಿಕ್ತು. ಭಾಗಿಸು, ರೆಸಿಸ್ಟೆನ್ಸ್ ಸಿಕ್ತು. ಇಷ್ಟೇ ಕಣೇ ಪುಟ್ಟಿ, ಇದಕ್ಯಾಕೆ ಟ್ಯೂಷನ್ನು?" ಅಂದಿದ್ದೆ. ಒಂಬೈನೂರ ಇಪ್ಪತ್ತು ವಾಟ್, ಐವತ್ತೇಳೂವರೆ ಓಮ್. ಉತ್ತರವನ್ನು ಇಲ್ಲಿನ ಶಾಲೆಯ ರೂಢಿಯಂತೆ ತಮಿಳಿನಲ್ಲಿ ಹೇಳಿದ್ದಕ್ಕೆ ತಲೆಗೆ ಮೊಟಕಿದ್ದೆ.

ಆಮೇಲೆ ನನ್ನ ಕೈ ಹಿಡಿದು, "ಇದಕ್ಕೆ ಎಷ್ಟು ಓಮ್?" ಎಂದು ಕೇಳಿದೆ. ಒಣಗಿದ್ದರೆ ಲಕ್ಷದ ಹತ್ತಿರ, ಒದ್ದೆಯಾದರೆ ಸಾವಿರಕ್ಕೂ ಇಳಿಯಬಹುದು ಎಂದು ನೀನೇ ಹೇಳಿದೆ. ನಾನು ಇನ್ನೂರ ಮೂವತ್ತನ್ನು ಸಾವಿರದಿಂದ ಭಾಗಿಸಿದೆ, ಕಾಲು ಆಂಪಿಯರೂ ಬರಲಿಲ್ಲ. "ಇಸ್ತ್ರಿಪೆಟ್ಟಿಗೆಗಿಂತ ಎಷ್ಟೋ ಕಡಿಮೆ!" ಎಂದು ನಾನು ಹಿಗ್ಗಿದರೆ ನೀನು ನಗಲಿಲ್ಲ. "ಇಸ್ತ್ರಿಪೆಟ್ಟಿಗೆಗೆ ಹೃದಯ ಇಲ್ಲಮ್ಮ. ಇದರಲ್ಲಿ ಅರ್ಧ ಸಾಕು, ಜೀವ ಹೋಗೋಕೆ. ಯಾರಿಗಾದ್ರೂ ಕರೆಂಟ್ ಹೊಡೆದ್ರೆ ಮುಟ್ಟಬೇಡ, ಮೊದಲು ಮೇನ್ ಆಫ್ ಮಾಡು." ಅಡುಗೆಮನೆಯಿಂದ ಅಮ್ಮ, "ನನ್ನನ್ನೂ ಮುಟ್ಟಬೇಡಿ, ಮಡೀಲಿದ್ದೀನಿ!" ಎಂದು ಕೂಗಿದಳು. "ನೋಡು, ಇವಳೂ ಲೈವ್ ವೈರೇ" ಅಂದೆ ನೀನು. ಎಷ್ಟು ನಕ್ಕಿದ್ದೆವು...

ಮೊನ್ನೆ ದ್ವಾದಶಿಯ ಬೆಳಿಗ್ಗೆ ಆ ಮಾತೇ ನಿಜವಾಯಿತು. ಏಕಾದಶಿಯ ಉಪವಾಸ ಮುಗಿದು ಪಾರಣೆಯ ಅವಸರ. ಅಮ್ಮ ಸ್ನಾನ ಮಾಡಿ, ಹಿಂಡಿದ ಒದ್ದೆ ಸೀರೆಯನ್ನೇ ಮಡಿಯೆಂದು ಉಟ್ಟು, ಬರಿಗಾಲಲ್ಲಿ ಗ್ರೈಂಡರಿನ ಮುಂದೆ ನಿಂತು ಕಾಯಿ ರುಬ್ಬುತ್ತಿದ್ದಳು. ನಾನು ಹೊಸ್ತಿಲಾಚೆಯಿಂದ ಏನೋ ಹರಟುತ್ತಿದ್ದೆ. ಅವಳ ಮಾತು ನಡುವೆಯೇ ನಿಂತಿತು. ಕೈ ಗ್ರೈಂಡರಿನ ಅಂಚಿಗೆ ಅಂಟಿಕೊಂಡಿತ್ತು. ಬಾಯಿ ತೆರೆದಿತ್ತು, ದನಿಯಿಲ್ಲ. ಕಣ್ಣು ಮಾತ್ರ ನನ್ನನ್ನೇ...

"ಅಯ್ಯೋ ಅಮ್ಮಾ!" ಎಂದು ಎಳೆಯಲು ಕೈ ಚಾಚಿದೆ. ಆದರೆ ಮಡಿಯವಳನ್ನು ಮುಟ್ಟಬಾರದೆಂದು ಚಿಕ್ಕಂದಿನಿಂದ ಕಲಿತ ಕಾಲು ಹೊಸ್ತಿಲಲ್ಲೇ ಗಕ್ಕನೆ ನಿಂತಿತು. ಆಗ ನಿನ್ನ ಮಾತು ನೆನಪಾಯಿತು. ಸ್ಟೂಲ್ ಹತ್ತಿ ಬಾಗಿಲ ಮೇಲಿನ ಮೇನ್ ಹೇಗೆ ಎಳೆದೆನೋ ದೇವರೇ ಬಲ್ಲ. ನಾನೂ ಅವಳನ್ನು ಹಿಡಿದಿದ್ದರೆ? ನೀನು ತೀರಿಕೊಂಡ ಮೇಲೆ ಇರುವುದೇ ನಾವಿಬ್ಬರು; ಇಬ್ಬರೂ ಹೋದೆವೆಂದು ಯಾರಿಗೆ, ಎಷ್ಟು ಹೊತ್ತಿಗೆ ತಿಳಿಯುತ್ತಿತ್ತು?

ಎಲೆಕ್ಟ್ರಿಷಿಯನ್ ಬಂದು ಗ್ರೈಂಡರಿನ ಪ್ಲಗ್ ಬಿಚ್ಚಿ, "ಅರ್ತ್ ವೈರೇ ಇಲ್ಲಮ್ಮಾ" ಅಂದ. ಈಗ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಹಾಕಿಸಿದ್ದೇನೆ. ಇನ್ನುಮೇಲೆ ಒಣಗಿದ ಪಟ್ಟೆಸೀರೆಯೇ ಮಡಿ, ಅಮ್ಮ ಒಪ್ಪಿದ್ದಾಳೆ. ಅವಳನ್ನು ನೋಡಿಕೊಳ್ಳುತ್ತೇನೆ, ಆಣೆ.

ಇನ್ನೊಂದು ಸುದ್ದಿ ಇದೆ, ನೀನು ನಂಬುವುದಿಲ್ಲ. ಮೇನ್ ಆಫ್ ಮಾಡಿ ಬಂದಾಗ ಅಮ್ಮ ನೆಲಕ್ಕೆ ಕುಸಿದಿದ್ದಳು. ಉಸಿರಿತ್ತು. ನಾನು ಆಗಲೂ ಹೊಸ್ತಿಲಾಚೆಯೇ ನಿಂತಿದ್ದೆ. "ಯಾಕೇ ಅಲ್ಲೇ ನಿಂತಿದ್ದೀ? ಮಡಿ ಮನೆ ಹಾಳಾಗ, ಬಾರೇ ಇಲ್ಲಿ" ಎಂದು, ಆ ಒದ್ದೆ ಸೀರೆಯಲ್ಲೇ ನನ್ನನ್ನು ಬಾಚಿ ತಬ್ಬಿಕೊಂಡಳು. ಅವಳ ಹೆಗಲ ಮೇಲಿಂದ ನಾನು ಮೇನ್ ಆಫ್ ಆಗಿಯೇ ಇದೆಯಾ ಎಂದು ತಿರುಗಿ ತಿರುಗಿ ನೋಡುತ್ತಲೇ ಇದ್ದೆ, ಅಪ್ಪಾ.

ನಿನ್ನ ಪುಟ್ಟಿ