ಬಿಳಿ ವೈನಿನ ವಾಸನೆ

ಅಲ್ಕಾಪುರಿ, ಬರೋಡ
೧೪ ಮೇ ೧೯೬೭

ಪ್ರೀತಿಯ ತಂಗಿ ಶಕುಂತಲೆಗೆ,

ಮಗಳು ಸುಮತಿಯ ಬಾಣಂತನಕ್ಕೆಂದು ನೀನು ಸೂರತ್ತಿಗೆ ಹೋಗಿ ಐದು ವಾರವಾಯಿತು. ನಿನ್ನ ಮೂರು ಕಾಗದಗಳಿಗೂ ನಾನು ಉತ್ತರ ಬರೆಯಲಿಲ್ಲ. ಹೋಟೆಲಿನಲ್ಲಿ ಪುರುಸೊತ್ತಿಲ್ಲವೆಂದರೆ ನೀನು ನಂಬುವವಳಲ್ಲ. ಊಟದ ಗಿರಾಕಿಗಳು ಎದ್ದ ಮೇಲೆ ನಾನು ಗಲ್ಲೆಯಲ್ಲಿ ತೂಕಡಿಸುವುದು ನಿನಗೆ ಗೊತ್ತೇ ಇದೆ. ಅಲ್ಲಿ ಉಧ್ನಾದ ಮಗ್ಗಗಳ ಸದ್ದಿಗೂ ಮಗು ಏಳುವುದಿಲ್ಲವೆಂದು ಓದಿ ನಕ್ಕೆ.

ಹೆದರಬೇಡ, ಭಾವ ಈಗ ಚೆನ್ನಾಗಿದ್ದಾರೆ. ಕಳೆದ ವಾರ ಮೂರು ದಿನ ಆಸ್ಪತ್ರೆಯಲ್ಲಿದ್ದರು. ನಿನಗೆ ತಿಳಿಸಬೇಡವೆಂದು ಆಣೆ ಮಾಡಿಸಿಕೊಂಡಿದ್ದರು.

“ಅವರನ್ನು ನೋಡಿಕೋ ಅಣ್ಣ” ಎಂದು ಹೇಳಿ ಹೋದೆ. ನೋಡಿಕೊಳ್ಳಲು ಅವರು ನನ್ನ ಕೈಗೆ ಸಿಗಬೇಕಲ್ಲ! ಇಪ್ಪತ್ತು ವರ್ಷ ಸಂಜೆಯ ಕಾಫಿ ನನ್ನೆದುರು ಕುಡಿದವರು. ಅಹಮದಾಬಾದಿನಿಂದ ವರ್ಗವಾಗಿ ನಿಮ್ಮ ಎದುರುಮನೆಗೆ ಬಂದಿದ್ದಾನಲ್ಲ ದಿವಾಕರ, ಆ ಧಾರವಾಡದ ಕೆಮಿಸ್ಟು, ಅವನಿಗೆ ಚದುರಂಗ ಬರುತ್ತದೆ, ಇಂಗ್ಲಿಷ್ ಪೇಪರು ಬರುತ್ತದೆ. ಒಂದು ದಿನ ಹೋಟೆಲಿನ ಮುಂದೆ ತಲೆತಗ್ಗಿಸಿ ಹೋಗುತ್ತಿದ್ದ ಭಾವನನ್ನು ಕರೆದೆ.

“ಎಂತ ಭಾವ, ನಮ್ಮ ಕಾಫಿಯಲ್ಲಿ ಹುಳ ಬಿತ್ತಾ?”

“ಹಾಗಲ್ಲ ಮಾರಾಯ. ದಿವಾಕರ ಕಾಯ್ತಾ ಇರ್ತಾರೆ.”

ಇರ್ತಾರೆ! ನನಗೊಬ್ಬ ಮಗನಿದ್ದರೆ ಅವನ ವಯಸ್ಸಾಗಬಹುದಾದವನಿಗೆ ಬಹುವಚನ, ನನಗೆ ಮಾರಾಯ.

ಕಳೆದ ಭಾನುವಾರ ಸಂಜೆ ದಿವಾಕರ ನನ್ನನ್ನೂ ಕರೆದ. ಪಾನನಿಷೇಧದ ಈ ಊರಿನಲ್ಲೂ ನಿದ್ದೆ ಬಾರದ್ದಕ್ಕೆಂದು ಭಾವನಿಗೆ ಬ್ರಾಂದಿಯ ಪರ್ಮಿಟ್ ಇದೆಯಲ್ಲ, ಅಂಥದೇ ಪರ್ಮಿಟ್ ಅವನಿಗೂ ಇದೆ. ಅವತ್ತು ಅವನು ಬಿಳಿ ವೈನಿನ ಬಾಟಲಿ ತೆಗೆದ. “ಬ್ರಾಂದಿಗಿಂತ ಹಗುರ ಇರ್ತದ್ರಿ, ಬರೇ ದ್ರಾಕ್ಷಿ” ಎಂದ. ಭಾವ ಅರ್ಧ ಲೋಟ ಕುಡಿದಿರಲಿಲ್ಲ, ಎದೆ ಹಿಡಿದುಕೊಂಡರು. ಉಸಿರು ತಿದಿಯಂತೆ ಸೀಟಿ ಹೊಡೆಯಿತು. ಹೃದಯವೇ ಹೋಯಿತೆಂದು ದಿವಾಕರ ಅಳುತ್ತ ಟ್ಯಾಕ್ಸಿ ತಂದ.

ಆಸ್ಪತ್ರೆಯಲ್ಲೂ ಹೃದಯವನ್ನೇ ತಪಾಸಣೆ ಮಾಡುತ್ತಿದ್ದರು. ಆಗ ನಾನು ಹೇಳಿದೆ: ಬಾಟಲಿ ತೆಗೆದಾಗ ಬೆಂಕಿಕಡ್ಡಿ ಗೀರಿದ ವಾಸನೆ ಬಂತು ಡಾಕ್ಟರೇ, ಶರಬತ್ತು ಕೆಡದಿರಲೆಂದು ನಾವು ಹಾಕುವ ಗಂಧಕದ ಬಿಳಿ ಪುಡಿಯದೇ ವಾಸನೆ. ಡಾಕ್ಟರು ದಿವಾಕರನ ಮುಖ ನೋಡಿದರು. “ಹೌದ್ರಿ, ವೈನಿಗೆ ಹಾಕ್ತಾರ. ಹೆಚ್ಚಿನ ಮಂದಿಗೆ ಏನೂ ಆಗೂದಿಲ್ಲ” ಎಂದ. ಉಬ್ಬಸದ ಗುಣವಿದ್ದ ಕೆಲವರ ಎದೆ ಅದನ್ನು ತಡೆಯುವುದಿಲ್ಲ, ಇವರು ವೈನ್ ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದರು, ಸೂಜಿ ಕೊಟ್ಟರು.

ಭಾವ ಈಗ ದಿನಾ ಹೋಟೆಲಿಗೆ ಬರುತ್ತಾರೆ. “ಬಿ.ಎಸ್ಸಿ. ಮೂಗಿಗೆ ಹತ್ತದ್ದು ನಮ್ಮ ಭೀಮಣ್ಣನ ಮೂಗಿಗೆ ಹತ್ತಿತು ನೋಡಿ” ಎಂದು ಗಿರಾಕಿಗಳಿಗೆಲ್ಲ ಹೇಳುತ್ತಾರೆ.

ಸುಮತಿ ಮೈಗೆ ಎಣ್ಣೆ ಹಚ್ಚಿಸಿಕೊಳ್ಳಲು ಸೋಮಾರಿತನ ಮಾಡದಿರಲಿ. ಮಗು ನೂರು ವರ್ಷ ಬಾಳಲಿ, ನಿನ್ನ ಬಣ್ಣ ಬರಲಿ.

ನಿನ್ನ ಅಣ್ಣ,
ಭೀಮಸೇನ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಎರಡು ವರ್ಷದ ಹಿಂದೆ ನಮ್ಮ ದ್ರಾಕ್ಷಿ ಶರಬತ್ತು ಕುಡಿದು ಭಾವನಿಗೆ ಹೀಗೇ ಉಬ್ಬಸ ಬಂದಿತ್ತು, ಸ್ವಲ್ಪ. ಅಂದಿನಿಂದ ಅವರಿಗೆಂದು ಪುಡಿ ಸೋಕಿಸದೆ ಬೇರೆಯಾಗಿ ಹಣ್ಣು ಹಿಂಡುತ್ತೇನೆ. ಕಾರಣ ಹೇಳಲಿಲ್ಲ, ಬರೀ ಅಕ್ಕರೆಯೆಂದು ತಿಳಿದುಕೊಳ್ಳಲಿ ಎಂದು. ಭಾನುವಾರ ಬಿರಡೆ ತೆಗೆದ ಕೂಡಲೇ ನನಗೆ ಗೊತ್ತಾಗಿತ್ತು ಶಕು. ಭಾವ ಇನ್ನೂ ಲೋಟ ಮುಟ್ಟಿರಲಿಲ್ಲ. ನಾಲ್ಕು ಸಲ ಕೆಮ್ಮಲಿ, ದಿವಾಕರನ ಮುಖ ಬಾಡಲಿ ಎಂದು ಸುಮ್ಮನೆ ಕೂತೆ. ಅಷ್ಟೇ ಆಗುತ್ತದೆಂದುಕೊಂಡಿದ್ದೆ. ಇನ್ನು ಮನೆಗೆ ಬರಬೇಡಿ ಎಂದು ಭಾವ ಅವನಿಗೆ ಹೇಳಿದ್ದಾರೆ. ಹೋಗುವಾಗ ಅವನು, ಅವರ ಜೀವ ಉಳಿಸಿದಿರಿ ಎಂದು ನನ್ನ ಕಾಲು ಮುಟ್ಟಿ ಹೋದ. ಭಾವನೆದುರು ಇದು ನನ್ನ ಬಾಯಿಂದ ಬರುತ್ತಿಲ್ಲ. ನೀನು ಬಂದ ದಿನ ಈ ಕಾಗದ ಭಾವನ ಕೈಗೆ ಕೊಡು.