ಪಕ್ಕದಲ್ಲಿ ಮಲಗುವವರ ಪುಟ

೧೪ ಮಾರ್ಚ್, ಶನಿವಾರ

ಪ್ರೀತಿಯ ಮಗಳೇ,

ನಿನ್ನ ಮೂರು ಕಾಗದಗಳಿಗೆ ಇದೊಂದೇ ಉತ್ತರ, ತಡವಾಯಿತು, ಬೈದುಕೋ. ನಿನ್ನಮ್ಮ ಅಲ್ಲಿಗೆ ಬಂದು ಏಳು ತಿಂಗಳಾಯಿತು. ಯಾವಾಗ ವಾಪಸು ಬರುತ್ತಾಳೆಂದು ಕೇಳಲು ಕೂತವನು ಬೇರೆ ಸುದ್ದಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಅಂಗಡಿಯಲ್ಲಿ ಗಿರಾಕಿಗೆ ಹಾಸಿಗೆ ತೋರಿಸುತ್ತಾ ಅದರ ಮೇಲೆ ನಾನೇ ನಿದ್ದೆ ಹೋದೆ. ಆತ ಅದನ್ನೇ ಕೊಂಡ, ಅದು ಬೇರೆ ಮಾತು. ನಮ್ಮ ಡಾಕ್ಟರು ಮಾತ್ರ ನಿದ್ರೆ ಪರೀಕ್ಷೆಗೆ ಚೀಟಿ ಬರೆದರು. ನನಗೆ ಆಗಲೇ ಅನುಮಾನ: ನಿದ್ದೆಯಲ್ಲಿದ್ದವನ ಬಗ್ಗೆ ಏನು ಹೇಳಿದರೂ ನಡೆಯುತ್ತದಲ್ಲ!

ಪರೀಕ್ಷೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗಬೇಕಿತ್ತು; ಅಲ್ಲಿಯ ಹಾಸಿಗೆ ಒತ್ತಿ ನೋಡಿದೆ. ಹೊದಿಕೆ ಹೊಸದು, ಒಳಗಿನ ಸ್ಪಂಜು ಸತ್ತು ವರ್ಷಗಳಾಗಿವೆ. ತಲೆಗೆ, ಎದೆಗೆ, ಕಾಲಿಗೆ ಇಪ್ಪತ್ತೆರಡು ವೈರು ಅಂಟಿಸಿದರು. ಬೆಳಿಗ್ಗೆ ಇಪ್ಪತ್ತೆರಡನ್ನೂ ತೆಗೆದರೋ ಎಂದು ಮತ್ತೆ ಎಣಿಸಿದೆ. ಮೂಲೆಯಲ್ಲಿ ಕ್ಯಾಮೆರಾ ಬೇರೆ.

"ಅದ್ಯಾಕಮ್ಮ?" ಎಂದು ವೈರು ಅಂಟಿಸುವಾಕೆಯನ್ನು ಕೇಳಿದೆ.

"ನೀವು ಹೇಗೆ ಮಲಗ್ತೀರ ಅಂತ ನೋಡೋಕೆ ಸಾರ್."

"ನಾನು ಮಲಗಿದ್ದನ್ನ ನೋಡಿ ಯಾರೂ ಉದ್ಧಾರ ಆಗಿಲ್ಲ ಬಿಡಮ್ಮ."

ನಕ್ಕಳು. ಹಾಗೆ ನಗುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ.

ಅವರ ಫಾರಂನಲ್ಲಿ 'ಪಕ್ಕದಲ್ಲಿ ಮಲಗುವವರು ತುಂಬಬೇಕು' ಎಂಬ ಪುಟವಿತ್ತು. ಗೊರಕೆ ಹೊಡೆಯುತ್ತಾರೆಯೇ? ಉಸಿರು ನಿಲ್ಲುತ್ತದೆಯೇ? ನನ್ನ ವಿರುದ್ಧ ಸಾಕ್ಷಿ ಹೇಳಲು ಯಾರೋ ಯಾಕೆ ಎಂದು ನಾನೇ ತುಂಬಿದೆ. ಹನ್ನೆರಡಕ್ಕೆ ಹನ್ನೆರಡೂ 'ಇಲ್ಲ'.

ಅಲ್ಲಿನ ಡಾಕ್ಟರು ಆ ಪುಟದ ಪಕ್ಕದಲ್ಲಿ ಪರೀಕ್ಷೆಯ ವರದಿ ಇಟ್ಟರು. ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ನಿಲ್ಲುತ್ತದಂತೆ.

"ನಿಮ್ಮ ಮಷೀನು ತಪ್ಪು ಎಣಿಸಿರಬೇಕು" ಅಂದೆ.

"ಮಷೀನು ಬಿಡಿ. ಈ ಪುಟ ತುಂಬಿದ್ದು ಯಾರು?"

ಕೆಮ್ಮಿದೆ.

ಈಗ ರಾತ್ರಿ ಮೂಗಿಗೆ ಗಾಳಿ ಊದುವ ಯಂತ್ರ ಕೊಟ್ಟಿದ್ದಾರೆ. ಎಷ್ಟು ಹೊತ್ತು ಹಾಕಿಕೊಂಡೆನೆಂದು ಅದು ಅವರಿಗೆ ಚಾಡಿ ಹೇಳುತ್ತದೆ. ಒಂದು ವಾರದಿಂದ ಅಂಗಡಿಯಲ್ಲಿ ತೂಕಡಿಸಿಲ್ಲ. ಅದನ್ನು ಮಾತ್ರ ಡಾಕ್ಟರಿಗೆ ಹೇಳಿಲ್ಲ, ಹಿಗ್ಗಿಬಿಡುತ್ತಾರೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗಳಿಗೆ ಮುತ್ತು. ತಲೆಯಿಟ್ಟೊಡನೆ ನಿದ್ದೆ ಬರುವಷ್ಟು ನೆಮ್ಮದಿ ನಿಮಗೆಲ್ಲ ಇರಲಿ.

ನಿನ್ನ
ಅಪ್ಪ

ತಾ.ಕ.: ಹೊರಡುವಾಗ ಡಾಕ್ಟರು ಕೇಳಿದರು: "ಇಷ್ಟು ವರ್ಷ ನಿಮ್ಮನ್ನ ಅಲ್ಲಾಡಿಸಿ ಉಸಿರಾಡಿಸ್ತಿದ್ದೋರು ಯಾರು?" ನಿನ್ನಮ್ಮ ದಿನಾ ರಾತ್ರಿ ನನ್ನ ಭುಜ ಅಲುಗಿಸುತ್ತಿದ್ದಳು, ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದಳು. ಏಳು ತಿಂಗಳ ಹಿಂದೆ, ಮನೆಗೆ ಬಂದಿದ್ದ ಅವಳ ತಮ್ಮಂದಿರ ಎದುರಿಗೇ ನಾನು ಅಂದಿದ್ದೆ: "ಸತ್ತನಾ ಅಂತ ನೋಡ್ತೀಯಾ? ಅಂಗಡಿ ಬೀಗದ ಕೈ ಬೇಕಾ ನಿಂಗೆ?" ಮಾರನೇ ದಿನವೇ ಅವಳು ನಿನ್ನಲ್ಲಿಗೆ ಹೊರಟಿದ್ದು.

ಆ ಪುಟದ ಹೊಸ ಪ್ರತಿಯೊಂದನ್ನು ಇದರೊಳಗೆ ಇಟ್ಟಿದ್ದೇನೆ, ಖಾಲಿ. ಅವಳೇ ತುಂಬಿ ತಂದುಕೊಡಲಿ. ಅಂಚೆಯಲ್ಲಿ ಕಳಿಸಿದರೂ ಸಾಕೆಂದು ಡಾಕ್ಟರು ಹೇಳಿದ್ದಾರೆ; ಅದನ್ನು ಅವಳಿಗೆ ಹೇಳಬೇಡ.