ಪಟ್ಟೆಗೂದಲು

ಕಾರ್ಖಾನೆಯ ಊಟದ ಕೋಣೆ
ಗುರುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಮೋಟುಜಡೆಗೆ,

ಅಕ್ಕನ ನೆನಪುಗಳು. ಆರೋಗ್ಯವಾಗಿದ್ದೀಯಾ? ತಿಂಡಿ ಬಿಟ್ಟು ಬರೀ ಚಹಾ ಕುಡಿದು ಓಡುವ ಚಾಳಿ ಇನ್ನೂ ಇದೆಯಾ? ಒಂಬತ್ತು ವರ್ಷದಿಂದ ಕೂಡಿಟ್ಟ ಪ್ರಶ್ನೆಗಳು ಬೇಕಾದಷ್ಟಿವೆ. ಎಲ್ಲ ಒಟ್ಟಿಗೆ ಕೇಳಿದರೆ ಹೆದರಿಕೊಂಡೀಯೆ ಎಂದು ಎರಡಕ್ಕೇ ನಿಲ್ಲಿಸಿದ್ದೇನೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಐದು ವರ್ಷದಿಂದ ವಿಗ್ ತಯಾರಿಸುವ ಕಾರ್ಖಾನೆಯಲ್ಲಿದ್ದೇನೆ. (ಕಾರ್ಖಾನೆಯ ಮಾಲೀಕರದ್ದೇ ನುಣ್ಣಗಿನ ಬೋಳುತಲೆ. ಅವರಪ್ಪನದೂ ಅಜ್ಜನದೂ ಹಾಗೇ ಇತ್ತಂತೆ. “ಇದು ವಂಶದ ಆಸ್ತಿ ಕಣಮ್ಮಾ, ಮುಚ್ಚಿಡಬಾರದು” ಅನ್ನುತ್ತಾರೆ.) ಉದ್ದನೆಯ ಕೋಣೆ, ಕಿಟಕಿಯ ಪಕ್ಕ ಹನ್ನೆರಡು ಮೇಜು. ಎಷ್ಟು ಸೆಖೆಯಾದರೂ ಫ್ಯಾನು ಹಾಕುವ ಹಾಗಿಲ್ಲ. ಮನೆಮನೆಯಿಂದ ಬಂದ ಉದುರುಗೂದಲಿನ ಉಂಡೆಗಳನ್ನು ಬಿಡಿಸಿ, ಬುಡಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸುವುದು ನನ್ನ ಕೆಲಸ. ಎರಡು ಬೆರಳ ನಡುವೆ ಉಜ್ಜಿದರೆ ಕೂದಲು ತನ್ನ ಬುಡದ ಕಡೆಗೇ ಸರಿಯುತ್ತದೆ. ಜೀವವಿಲ್ಲದ್ದು ಹಾಗೆ ತೆವಳುವುದನ್ನು ನೋಡಿ ಮೊದಲ ವಾರ ನನಗೆ ಊಟ ಸೇರಲಿಲ್ಲ.

ಈಗ ಬುಡ ನೋಡಿದರೆ ಉದುರಿದ ಕಾರಣ ಹೇಳಬಲ್ಲೆ. ಸಣ್ಣ ಬಿಳಿ ಗಂಟಿದ್ದರೆ ಅದರ ಕಾಲ ಮುಗಿದಿತ್ತು ಎಂದರ್ಥ. ಯಾರಿಗಾದರೂ ದಿನಕ್ಕೆ ಐವತ್ತರಿಂದ ನೂರು ಹೋಗುತ್ತವೆ. ಅಂಥವೇ ರಾಶಿ ರಾಶಿ ಬಂದರೆ, ಎರಡು ಮೂರು ತಿಂಗಳ ಹಿಂದೆ ಜೋರು ಜ್ವರವೋ ಹೆರಿಗೆಯೋ ಆಗಿರಬೇಕು. ಮೈ ಅನುಭವಿಸಿದ್ದನ್ನು ತಲೆ ಅಷ್ಟು ತಡವಾಗಿ ಹೇಳುತ್ತದೆ. ನಮ್ಮ ಮೇಲ್ವಿಚಾರಕಿಗೆ ಕಿವಿಯ ಹಿಂದೆ ನಾಣ್ಯದಗಲ ಬೋಳಾಗಿತ್ತು, ಯಾರೋ ಹೆಬ್ಬೆರಳಿಟ್ಟು ಒರೆಸಿದ ಹಾಗೆ. ಮೈ ತನ್ನದೇ ಕೂದಲನ್ನು ಬೇರೆಯವರದೆಂದು ತಿಳಿದು ಹೊರಗೆ ಹಾಕುತ್ತದಂತೆ.

ನಾಲ್ಕು ವರ್ಷದ ಹಿಂದೆ ಹಸಿರು ಉಲ್ಲನ್ ದಾರ ಕಟ್ಟಿದ ಪೊಟ್ಟಣವೊಂದು ನನ್ನ ಮೇಜಿಗೆ ಬಂತು. ಬಿಡಿಸಿ ಬೆಳಕಿಗೆ ಹಿಡಿದೆ. ಕಪ್ಪು, ಹೊಳಪು, ಮತ್ತೆ ಕಪ್ಪು, ಮತ್ತೆ ಹೊಳಪು: ಒಂದೊಂದು ಎಳೆಗೂ ಬಳೆ ತೊಡಿಸಿದಂತೆ ಪಟ್ಟೆ. ಅಮ್ಮನಿಗಿತ್ತು, ನನಗಿದೆ, ನಿನಗಿದೆ. ಸಾವಿರಾರು ಉಂಡೆ ಬಿಡಿಸಿದ್ದೇನೆ, ಇನ್ಯಾರದರಲ್ಲೂ ಕಂಡಿಲ್ಲ. ನನ್ನ ಜಡೆಯನ್ನು ಮುಂದಕ್ಕೆಳೆದು ಪಕ್ಕದಲ್ಲಿಟ್ಟೆ. ಯಾವುದು ನನ್ನದೆಂದು ನನಗೇ ತಿಳಿಯಲಿಲ್ಲ. ಎಲ್ಲಕ್ಕೂ ಬಿಳಿ ಗಂಟು. ಮೂರು ಪೊಟ್ಟಣ ತುಂಬ ಬಂದು ಆಮೇಲೆ ತಾನಾಗಿ ಕಡಿಮೆಯಾಯಿತು. ನಿನಗೆ ಜ್ವರ ಬಂದಿತ್ತೇನೋ ಅಂದುಕೊಂಡು ಸುಮ್ಮನಾದೆ.

ಎರಡು ತಿಂಗಳ ಹಿಂದೆ, ಅದೇ ಹಸಿರು ದಾರದ ಪೊಟ್ಟಣದಲ್ಲಿ ನಿನ್ನ ಕೂದಲಿನ ನಡುವೆ ಬಹಳ ನಯವಾದ, ಗೇಣುದ್ದದ ಎಳೆಗಳಿದ್ದವು. ಅವಕ್ಕೂ ಪಟ್ಟೆ. ತುದಿ ಸೂಜಿಮೊನೆ, ಅಂದರೆ ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು. ನಾಲ್ಕು ವರ್ಷದ ಹಿಂದಿನದು ಜ್ವರವಲ್ಲ, ಹೆರಿಗೆ ಎಂದು ಆಗ ಗೊತ್ತಾಯಿತು. ಖುಷಿಯಿಂದಲೇ ಬುಡ ನೋಡಿದೆ. ಗಂಟಿರಲಿಲ್ಲ. ಆ ಕಡೆಯೂ ಸೂಜಿಮೊನೆ. ಬಲವಾದ ಔಷಧಿ ಕೂದಲಿನ ಬೆಳವಣಿಗೆಯನ್ನು ಒಮ್ಮೆಲೇ ತಡೆದಾಗ ಬುಡ ಹಾಗೆ ಸಣಕಲಾಗಿ ಮುರಿಯುತ್ತದೆ. ಅಮ್ಮನ ಕೊನೆಯ ವರ್ಷದ ಬಾಚಣಿಗೆ ನನ್ನ ಪೆಟ್ಟಿಗೆಯಲ್ಲಿದೆ, ತಂದು ಹೋಲಿಸಿದೆ. ಅದೇ ಬುಡ. ಮಗುವಿನ ಒಂದು ಎಳೆಯನ್ನು ಬೆರಳ ನಡುವೆ ಉಜ್ಜಿದೆ. ಅದು ನಿಧಾನವಾಗಿ ನನ್ನ ಕಡೆಗೇ ಸರಿದು ಬಂತು.

ಮನೆಮನೆ ತಿರುಗಿ ಕೂದಲು ಕೊಳ್ಳುವ ಚೀಲದಜ್ಜನನ್ನು ಕೇಳಿದೆ. “ನಾಲ್ಕನೇ ಮಹಡಿ ಕಣಮ್ಮಾ. ನಾಲ್ಕು ವರ್ಷ ಆಯ್ತು, ಮುಖಾನೇ ನೋಡಿಲ್ಲ. ಬಾಗ್ಲು ಸಂದೀಲಿ ಕೈ ಒಂದು ಬರುತ್ತೆ. ಎಂಥಾ ಸೆಖೇಲೂ ಆ ಕೈಗೆ ಬಟ್ಟೆ ಗ್ಲೌಸು” ಅಂದ. ಮಗುವಿಗೆ ಸೋಂಕು ತಗಲದಿರಲಿ ಎಂದು ಡಾಕ್ಟರು ಹೇಳಿರಬೇಕು ಅಂದುಕೊಂಡೆ. ಆದರೆ ಔಷಧಿ ಶುರುವಾಗಿದ್ದು ಈಗ. ಗ್ಲೌಸು ನಾಲ್ಕು ವರ್ಷದ್ದು, ಮಗುವಿನಷ್ಟೇ ವಯಸ್ಸಿನದು.

ಅಮ್ಮನಿಗೆ ಬಾಚುತ್ತಿದ್ದವಳು ನೀನು. ಹಿಡಿ ಹಿಡಿಯಾಗಿ ನಿನ್ನ ಕೈಗೆ ಬಂದಾಗ “ನಿನ್ನ ಕೈ ತಾಗಿದ್ದೆಲ್ಲ ಉದುರಿಹೋಗುತ್ತೆ, ಬಿಡು ಅತ್ಲಾಗೆ” ಅಂದವಳು ನಾನು. ಅಮ್ಮ ಹೋದ ಮೇಲೂ ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ನೀನು ಮರುವಾರವೇ ಮನೆ ಬಿಟ್ಟೆ. ಈಗ ಕೆಲಸ ಬಲ್ಲವಳಾಗಿ ಹೇಳುತ್ತಿದ್ದೇನೆ, ಕೇಳು. ಕೈಯಿಂದ ಕಿತ್ತ ಕೂದಲಿನ ಬುಡಕ್ಕೆ ತೆಳು ಪೊರೆ ಅಂಟಿಕೊಂಡಿರುತ್ತದೆ. ಅಮ್ಮನ ಬಾಚಣಿಗೆಯಲ್ಲಿ ಅಂಥದ್ದು ಒಂದೂ ಇಲ್ಲ. ಉದುರಿಸಿದ್ದು ಔಷಧಿ. ನೀನು ಎತ್ತಿಕೊಂಡೆ, ಅಷ್ಟೇ. ಔಷಧಿ ನಿಂತ ಮೇಲೆ ಸಾಮಾನ್ಯವಾಗಿ ಕೂದಲು ಮತ್ತೆ ಹುಟ್ಟುತ್ತದೆ. ಅಮ್ಮನಿಗೆ ಅಷ್ಟು ಸಮಯ ಸಿಗಲಿಲ್ಲ.

ನೀನು ಬಾ ಅಂದರೆ ಆ ನಾಲ್ಕು ಮಹಡಿ ಹತ್ತಿ ಬರುತ್ತೇನೆ, ಮೊಣಕಾಲು ಏನಾದರೂ ಅನ್ನಲಿ. ಮಗುವಿಗೆ ದೊಡ್ಡಮ್ಮನ ಮುತ್ತು. ಗಂಡೋ ಹೆಣ್ಣೋ ಕೂದಲು ಹೇಳಲಿಲ್ಲ, ನೀನೇ ಬರೆದು ತಿಳಿಸು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಅಕ್ಕ

ತಾ.ಕ.: ಪತ್ರ ಮಡಿಸುತ್ತಿದ್ದಾಗ ಚೀಲದಜ್ಜ ಇವತ್ತಿನ ಪೊಟ್ಟಣ ತಂದ. ಅದರಲ್ಲಿ ನಿನ್ನ ಕೂದಲಷ್ಟೇ ಇದೆ, ಮಗುವಿನದು ಒಂದೂ ಇಲ್ಲ. ಎರಡು ಸಲ ಹುಡುಕಿದೆ. ಉದುರುವುದಕ್ಕೆ ಇನ್ನು ಉಳಿದಿಲ್ಲ ಎಂದು ತಿಳಿದುಕೊಂಡಿದ್ದೇನೆ. ಬೇರೆ ಏನನ್ನೂ ತಿಳಿದುಕೊಳ್ಳುವುದಿಲ್ಲ. ಬೆಳಿಗ್ಗೆಯೇ ನನ್ನ ಜಡೆ ಕತ್ತರಿಸಿ ಮೇಜಿನ ಮೇಲಿಟ್ಟಿದ್ದೇನೆ. ಮಗುವಿನ ವಿಗ್ಗಿಗೆ ಹೊಂದುವ ಪಟ್ಟೆ ಬೇರೆಲ್ಲೂ ಸಿಗುವುದಿಲ್ಲ. ಅಜ್ಜ ಈ ಪತ್ರ ಕೊಟ್ಟು ನಿನ್ನ ಬಾಗಿಲ ಹೊರಗೆ ಕಾಯುತ್ತಾನೆ. ಪೊಟ್ಟಣಕ್ಕೆ ಕಟ್ಟುವ ಆ ಹಸಿರು ದಾರವನ್ನು ಮಗುವಿನ ಹಣೆಯಿಂದ ಕಿವಿಗಳ ಮೇಲೆ ತಲೆಯ ಸುತ್ತ ತಂದು, ಸೇರುವಲ್ಲಿ ಗಂಟು ಹಾಕಿ ಅವನ ಕೈಗೆ ಕೊಡು. ಗ್ಲೌಸಿನಲ್ಲಿ ದಾರ ಜಾರಿ ಅಳತೆ ತಪ್ಪುತ್ತದೆ. ಬರಿಗೈಯಲ್ಲಿ ಅಳೆ.